ಬೆಲ್ಲದ ವ್ಯಾಪಾರಿ ಓದಲು ಹೋದದ್ದು

“ಸಮಾಧಾನ ಹೇಳುವುದಕ್ಕೂ ಎರಡು ವರ್ಷ ಓದಬೇಕೇ, ಸರ್?”

ನೀಲಾಂಬಿಕೆ ಕೇಳಿದಳು. ಕೇಳಿದಳು ಅನ್ನುವುದಕ್ಕಿಂತ ಜಗಳಕ್ಕೇ ಬಂದಿದ್ದಳು ಅನ್ನಬೇಕು. ಆಪ್ತಸಮಾಲೋಚನೆಯ ಸ್ನಾತಕೋತ್ತರ ಪದವಿಗೆ ಸೇರಿ ಅವಳಿಗೆ ಒಂದು ವರ್ಷವಾಗಿತ್ತು. ಬರೆಯುವ ಪರೀಕ್ಷೆಗಳಲ್ಲೆಲ್ಲ ಅವಳೇ ಮುಂದು. ಆದರೆ ನೊಂದವರ ಎದುರು ಕೂತು ಅವರ ಮಾತು ಕೇಳುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಹಾಲಸ್ವಾಮಿ ಮೇಷ್ಟ್ರು ಅವಳನ್ನು ಫೇಲು ಮಾಡಿದ್ದರು.

“ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನೇ ಆದರೂ ನನ್ನನ್ನೇ ಕರೆಯುತ್ತಾರೆ ಸರ್. ನಾನು ಹೋಗಿ ನಾಲ್ಕು ಮಾತಾಡಿದರೆ ಅಳುತ್ತಿದ್ದವರು ಕಣ್ಣೊರೆಸಿಕೊಂಡು ಏಳುತ್ತಾರೆ. ಅಂಥವಳನ್ನು ನೀವು ಫೇಲು ಮಾಡಿದಿರಿ. ನಾಳೆಯಿಂದ ನಾನು ಬರುವುದಿಲ್ಲ.”

ಈ ಕೆಲಸ ಬಿಟ್ಟು ಬೇರೆ ಏನನ್ನಾದರೂ ಮಾಡಬೇಕೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಅದಕ್ಕೇ ಅವಮಾನ ಅಷ್ಟು ಉರಿಯುತ್ತಿತ್ತು.

ಮೇಷ್ಟ್ರಿಗೆ ನಗು ಬಂತು. “ಬರದಿದ್ದರೆ ನನಗೇನು ತಾಯಿ, ಒಂದು ಕುರ್ಚಿ ಖಾಲಿಯಾಗುತ್ತೆ ಅಷ್ಟೇ. ಹೋಗುವ ಮುಂಚೆ ಒಂದು ಕತೆ ಕೇಳಿಸಿಕೊಂಡು ಹೋಗು. ನಡುವೆ ಬಾಯಿ ಹಾಕಬೇಡ. ನಿನ್ನ ಕಾಯಿಲೆಯೇ ಅದು.”

ನೀಲಾಂಬಿಕೆ ಮುಖ ಊದಿಸಿಕೊಂಡೇ ಕೂತಳು. ಮೇಷ್ಟ್ರು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಅಂಗಡಿಯ ಬೆಲ್ಲ ಎಷ್ಟು ಸಿಹಿಯೋ ನನಗೆ ಗೊತ್ತಿಲ್ಲ, ಮಾತು ಮಾತ್ರ ಅದಕ್ಕಿಂತ ಸಿಹಿ. ಯಾರಾದರೂ ಸಪ್ಪೆ ಮುಖ ಮಾಡಿಕೊಂಡು ಬಂದರೆ ಸಾಕು, ಕರೆದು ಕೂರಿಸುತ್ತಿದ್ದ. ಕೈಗೆ ಒಂದು ಚೂರು ಬೆಲ್ಲ ಕೊಡುತ್ತಿದ್ದ. ಅವರು ಬಾಯಿ ತೆರೆದು ಅರ್ಧ ಹೇಳುವುದರೊಳಗೆ ‘ಹೋಗಲಿ ಬಿಡಿ’ ಅನ್ನುತ್ತಿದ್ದ. ಅಳಿಯ ಮಾತು ಬಿಟ್ಟನೇ? ಹೋಗಲಿ ಬಿಡಿ. ಕರೆಯುವ ಎಮ್ಮೆ ಸತ್ತಿತೇ? ಹೋಗಲಿ ಬಿಡಿ. ಮಗಳಿಗೆ ಬಂದ ಸಂಬಂಧ ತಪ್ಪಿಹೋಯಿತೇ? ಅಯ್ಯೋ, ಹೋಗಲಿ ಬಿಡಿ, ಅದಕ್ಕಿಂತ ಒಳ್ಳೆಯದು ಬರುತ್ತೆ. ಬಂದವರು ಬೆಲ್ಲ ಚಪ್ಪರಿಸುತ್ತಾ ಎದ್ದು ಹೋಗುತ್ತಿದ್ದರು. ‘ಮನುಷ್ಯ ಅಂದರೆ ಇವನಪ್ಪಾ’ ಎಂದು ಪೇಟೆಯವರೆಲ್ಲ ಹೊಗಳುತ್ತಿದ್ದರು. ವ್ಯಾಪಾರಿಯೂ ಹಾಗೇ ಅಂದುಕೊಂಡಿದ್ದ.

ಅವನಿಗೊಬ್ಬ ಜೀವದ ಗೆಳೆಯ. ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವನ ಗಂಟಲೇ ದೊಡ್ಡದಾಗಿಬಿಟ್ಟಿತ್ತು. ಕಿವಿಯಲ್ಲಿ ಹೇಳಿದ ಗುಟ್ಟೂ ಆಚೆ ಬೀದಿಗೆ ಕೇಳಿಸುತ್ತಿತ್ತು. ಹೀಗಿರುವಾಗ ಆ ಗಿರಣಿಯವನ ತಮ್ಮ ಜ್ವರ ಬಂದು ತೀರಿಕೊಂಡ.

ಅದಾದ ಮೇಲೆ ಗಿರಣಿಯವನು ದಿನಾ ಸಂಜೆ ಬೆಲ್ಲದ ಅಂಗಡಿಗೆ ಬಂದು ಕೂರುತ್ತಿದ್ದ. ‘ಅವತ್ತು ಏನಾಯಿತು ಗೊತ್ತಾ’ ಎಂದು ಶುರುಮಾಡುತ್ತಿದ್ದ. ವ್ಯಾಪಾರಿ ತಕ್ಷಣ ಅವನ ಬೆನ್ನು ಸವರಿ, ‘ಹೋಗಲಿ ಬಿಡೋ, ಆದದ್ದು ಆಯಿತು, ನೆನೆಸಿಕೊಂಡು ಅತ್ತರೆ ಬರುತ್ತಾನಾ’ ಅನ್ನುತ್ತಿದ್ದ. ಗೆಳೆಯ ಸುಮ್ಮನಾಗುತ್ತಿದ್ದ. ಮರುದಿನ ಮತ್ತೆ ‘ಅವತ್ತು ಏನಾಯಿತು ಗೊತ್ತಾ’. ಮತ್ತೆ ‘ಹೋಗಲಿ ಬಿಡೋ’. ವ್ಯಾಪಾರಿ ಕೆಟ್ಟವನಲ್ಲ, ನೋಡು. ಗೆಳೆಯನ ಕಣ್ಣಲ್ಲಿ ನೀರು ಕಂಡರೆ ಅವನ ಕರುಳು ಚುರ್ ಅನ್ನುತ್ತಿತ್ತು.

ಕಡೆಗೆ ಗಿರಣಿಯವನು ಅಂಗಡಿಗೆ ಬರುವುದನ್ನೇ ಬಿಟ್ಟ. ಆಮೇಲೆ ಮಾತು ಬಿಟ್ಟ. ಆಮೇಲೆ ಗಿರಣಿಯೂ ನಿಂತಿತು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಡಾಕ್ಟರ ಮದ್ದು ನಡೆದಿತ್ತು. ಮದ್ದಿನ ಜೊತೆಗೆ ಇವರು ಯಾರ ಹತ್ತಿರವಾದರೂ ಬಾಯಿ ಬಿಡಬೇಕು ಎಂದು ಡಾಕ್ಟರೂ ಹೇಳಿದರು. ಅವನ ಹೆಂಡತಿ ಓಡಿ ಬಂದಳು.

‘ಅಣ್ಣಾ, ಇವರು ಎದುರಿಗಿಟ್ಟ ಅನ್ನ ಮುಟ್ಟುತ್ತಿಲ್ಲ. ಮನುಷ್ಯ ನನ್ನ ಕಣ್ಣೆದುರೇ ಹೋಗುತ್ತಿದ್ದಾರೆ. ಊರಿಗೆಲ್ಲ ಸಮಾಧಾನ ಹೇಳುತ್ತೀರಿ, ಇವರನ್ನೊಂದು ಸಲ ಮಾತಾಡಿಸಿಕೊಡಿ’ ಎಂದು ಕೈ ಮುಗಿದಳು.

ವ್ಯಾಪಾರಿ ಒಂದು ಇಡೀ ಅಚ್ಚು ಬೆಲ್ಲ ಹಿಡಿದುಕೊಂಡು ಹೋದ. ತನಗೆ ಗೊತ್ತಿದ್ದ ಒಳ್ಳೆಯ ಮಾತುಗಳನ್ನೆಲ್ಲ ಹೇಳಿದ. ಗೆಳೆಯ ತಿರುಗಿ ಸಹ ನೋಡಲಿಲ್ಲ. ಹುಟ್ಟಿದಾಗಿನಿಂದ ಆ ವ್ಯಾಪಾರಿಯ ಸರಕು ಹೀಗೆ ವಾಪಸು ಬಂದದ್ದೇ ಇಲ್ಲ. ಮನೆಗೆ ಬಂದು ಮಕ್ಕಳ ಹಾಗೆ ಅತ್ತ.

ಪಕ್ಕದ ಪಟ್ಟಣದಲ್ಲಿ ನೊಂದವರ ಮಾತು ಕೇಳುವುದನ್ನು ಕಲಿಸುವ ಒಂದು ಕಾಲೇಜು ಇತ್ತು. ನಮ್ಮದರ ಹಾಗೆಯೇ, ಎರಡು ವರ್ಷದ್ದು. ಅಲ್ಲಿಗೆ ಹೋದರೆ ಇದಕ್ಕಿಂತ ಗಟ್ಟಿಯಾದ ಸಮಾಧಾನದ ಮಾತು ಕಲಿಸಿಯಾರು, ಅದರಿಂದ ಗೆಳೆಯನನ್ನು ಉಳಿಸಿಕೊಳ್ಳಬಹುದು ಎಂದು ವ್ಯಾಪಾರಿ ಲೆಕ್ಕ ಹಾಕಿದ. ಯಾವ ಕಾಲದಲ್ಲೋ ಪಾಸು ಮಾಡಿದ್ದ ಬಿ.ಎ. ಕೆಲಸಕ್ಕೆ ಬಂತು. ತಕ್ಕಡಿಯನ್ನು ಹೆಂಡತಿಯ ಕೈಗೆ ಕೊಟ್ಟು ಹೋಗಿ ಸೇರಿಕೊಂಡ. ಪೇಟೆಯವರು ಸುಮ್ಮನಿರುತ್ತಾರೆಯೇ? ‘ಮೀಸೆ ನರೆತ ಮೇಲೆ ಕಾಲೇಜಂತೆ! ಇನ್ನು ಬೆಲ್ಲ ಮಾರೋದಕ್ಕೂ ಎಂ.ಎಸ್ಸಿ. ಬೇಕಂತೆ!’ ಎಂದು ನಕ್ಕರು. ಅವನು ಯಾರಿಗೂ ಸೊಪ್ಪು ಹಾಕಲಿಲ್ಲ.

ಆದರೆ ಆ ಕಾಲೇಜಿನಲ್ಲಿ ಯಾರೂ ಅವನಿಗೆ ಒಂದು ಹೊಸ ಮಾತನ್ನೂ ಕಲಿಸಲಿಲ್ಲ. ಅಲ್ಲಿಯ ಪದ್ಧತಿಯೇ ಬೇರೆ. ಮೂವರು ವಿದ್ಯಾರ್ಥಿಗಳು ಒಟ್ಟಿಗೆ ಕೂರಬೇಕು. ಒಬ್ಬರು ತಮ್ಮ ಮನಸ್ಸಿನ ನಿಜವಾದ ನೋವೊಂದನ್ನು ಹೇಳಬೇಕು. ಇನ್ನೊಬ್ಬರು ಕೇಳಬೇಕು. ಮೂರನೆಯವರು ಸುಮ್ಮನೆ ನೋಡುತ್ತಿದ್ದು, ತಾವು ಕಂಡದ್ದನ್ನು ಕೊನೆಯಲ್ಲಿ ಹೇಳಬೇಕು. ಮೊದಲ ದಿನ ಒಬ್ಬ ಹುಡುಗ ಅಪ್ಪನೊಂದಿಗೆ ಮಾತು ನಿಂತದ್ದನ್ನು ಹೇಳತೊಡಗಿದ. ಕೇಳುವ ಸರದಿ ವ್ಯಾಪಾರಿಯದು. ಹುಡುಗನ ದನಿ ನಡುಗಿತೋ ಇಲ್ಲವೋ, ಇವನು ‘ಹೋಗಲಿ ಬಿಡಪ್ಪಾ’ ಅಂದ. ನೋಡುತ್ತಿದ್ದ ಹುಡುಗಿ ಕೊನೆಯಲ್ಲಿ ಅಂದದ್ದು ಇಷ್ಟೇ: ಯಜಮಾನರು ಹಾಗೆ ಅಂದ ಕೂಡಲೇ ಇವನು ಉಳಿದ ಮಾತನ್ನು ನುಂಗಿಕೊಂಡ.

ವ್ಯಾಪಾರಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಹಿರಿಯ ಅಧ್ಯಾಪಕಿಯ ಹತ್ತಿರ ಹೋದ.

‘ನಾನು ಅಂದದ್ದರಲ್ಲಿ ತಪ್ಪೇನು ತಾಯಿ? ಅವನ ಮನಸ್ಸು ಹಗುರಾಗಲಿ ಅಂತ ತಾನೇ ಅಂದದ್ದು?’

‘ಹೋಗಲಿ ಅಂದಿರಿ, ಸರಿ. ಏನು ಹೋಗಬೇಕು ಅಂತ ಕೇಳಿಸಿಕೊಂಡಿರಾ?’

ಅಧ್ಯಾಪಕಿಯ ಮಾತು ತಲೆಗೆ ಹೋಯಿತೇ ಹೊರತು ಒಳಗಿಳಿಯಲಿಲ್ಲ. ಯಾರು ಎದುರು ಕೂತರೂ ಅದೇ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು. ಆ ಸಲದ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವನು ಫೇಲಾದ.

ಇಲ್ಲಿ ಮೇಷ್ಟ್ರು ಶಿಷ್ಯೆಯ ಮುಖ ನೋಡಿದರು. ನೀಲಾಂಬಿಕೆಗೆ ಸಿಟ್ಟು ಬಂತು, ನಗುವೂ ಬಂತು. ಆದರೆ ಬಾಯಿ ಹಾಕಬೇಡ ಎಂದಿದ್ದರಲ್ಲ, ತುಟಿ ಬಿಗಿಹಿಡಿದು ಕೂತಳು.

ಫೇಲಾದವನು ಗಂಟು ಕಟ್ಟಿಕೊಂಡು ಊರಿಗೆ ಹೊರಟೇ ಬಿಡುತ್ತಿದ್ದ. ಆದರೆ ಊರಿನಲ್ಲಿ ಡಾಕ್ಟರ ಮದ್ದಿನ ಬಲದಲ್ಲೇ ಜೀವ ಹಿಡಿದು, ಗೋಡೆ ನೋಡುತ್ತಾ ಕೂತ ಗೆಳೆಯನ ಬೆನ್ನು ಕಣ್ಣೆದುರು ಬಂತು. ಮತ್ತೆ ಹೋಗಿ ತರಗತಿಯಲ್ಲಿ ಕೂತ. ಈ ಸಲ ಹೇಳುವ ಸರದಿ ಅವನದೇ ಆಯಿತು. ಬೇರೆ ಯಾವ ನೋವೂ ಅವನಿಗೆ ನೆನಪಾಗಲಿಲ್ಲ. ಗೆಳೆಯನ ವಿಷಯವನ್ನೇ ಹೇಳಿದ. ತಾನು ಬೆಲ್ಲದ ಅಚ್ಚು ಹಿಡಿದುಕೊಂಡು ಹೋದದ್ದು, ಗೆಳೆಯ ತಿರುಗಿ ನೋಡದಿದ್ದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತೊಂದು ಇನ್ನೇನು ಗಂಟಲಿಗೆ ಬರಬೇಕು, ಎದುರು ಕೂತಿದ್ದ ಹುಡುಗ ಪ್ರೀತಿಯಿಂದಲೇ ಅಂದುಬಿಟ್ಟ:

‘ಹೋಗಲಿ ಬಿಡಿ ಯಜಮಾನರೇ, ಎಲ್ಲ ಸರಿಹೋಗುತ್ತೆ.’

ಹೊಸ್ತಿಲು ದಾಟಲು ಕಾಲೆತ್ತಿದವನ ಮುಖಕ್ಕೇ ಬಾಗಿಲು ಹಾಕಿದ ಹಾಗಾಯಿತು. ‘ಅಯ್ಯಯ್ಯೋ!’ ಎಂದು ವ್ಯಾಪಾರಿ ಎದ್ದು ನಿಂತ. ಇದನ್ನೇ ಅಲ್ಲವೇ ತಾನು ಗೆಳೆಯನಿಗೆ ದಿನಾ ಸಂಜೆ ಮಾಡಿದ್ದು? ಅವನು ಬಾಗಿಲವರೆಗೆ ಬಂದು ಬಂದು ಹಿಂದಿರುಗಿದ. ಅವನ ಅಳು ನೋಡಲು ತನಗೆ ಧೈರ್ಯವಿರಲಿಲ್ಲ. ಸಮಾಧಾನ ಬೇಕಾಗಿದ್ದದ್ದು ತನಗೆ, ಅದನ್ನು ಅವನ ಬಾಯಿಗೆ ತುರುಕಿದ್ದ. ವ್ಯಾಪಾರಿ ತರಗತಿಯ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಏನೂ ಅನ್ನಲಿಲ್ಲ. ಅವನು ಅಳುವಷ್ಟೂ ಹೊತ್ತು ಎಲ್ಲರೂ ಜೊತೆಗೆ ಕೂತಿದ್ದರು.

ಅಲ್ಲಿಂದ ಅವನ ಓದು ಶುರುವಾಯಿತು ನೋಡು. ಅಬ್ಬಬ್ಬಾ, ಅದೆಂಥ ಪಾಡು! ವರ್ಷಾನುಗಟ್ಟಲೆ ನಾಲಿಗೆಗೆ ಹತ್ತಿದ ಮಾತು ಸುಲಭಕ್ಕೆ ಬಿಡುತ್ತದೆಯೇ? ಆಸ್ಪತ್ರೆಯಲ್ಲಿ ಗುರುತಿಲ್ಲದವರ ಎದುರು ಕೂರುತ್ತಿದ್ದ. ಅಧ್ಯಾಪಕಿ ಒಂದು ಮೂಲೆಯಲ್ಲಿರುತ್ತಿದ್ದರು. ಮಾತು ತುದಿನಾಲಿಗೆಗೆ ಬಂದರೆ ಹಲ್ಲು ಕಚ್ಚಿ ಒಳಗೆ ಕಳಿಸುತ್ತಿದ್ದ. ತಪ್ಪುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಮತ್ತೆ ಕೂರುತ್ತಿದ್ದ. ಎದುರಿನವರು ಅತ್ತರೆ ಅಳುವುದಕ್ಕೆ ಬಿಡುವುದು, ನಿಲ್ಲಿಸಿದರೆ ಕಾಯುವುದು, ತನಗೆ ತಡೆಯಲಾಗದಿದ್ದರೂ ಎದ್ದು ಹೋಗದೆ ಕೂರುವುದು. ಒಂದೊಂದನ್ನೂ ಬೆವರು ಸುರಿಸಿ ಕಲಿತ. ಮುಂದಿನ ಪರೀಕ್ಷೆಯಲ್ಲಿ ಪಾಸಾದ. ಆ ದಿನವೇ ಅಧ್ಯಾಪಕಿಯ ಹತ್ತಿರ ಹೋಗಿ, ಈಗಲಾದರೂ ಗೆಳೆಯನನ್ನು ಮಾತಾಡಿಸಲೇ ಎಂದು ಕೇಳಿದ. ಗೆಳೆಯನಿಗೆ ಚಿಕಿತ್ಸೆ ಮಾಡಲು ಹೋಗಬೇಡಿ, ಅದಕ್ಕೆ ಬೇರೆಯವರಿದ್ದಾರೆ, ಗೆಳೆಯನಾಗಿಯೇ ಹೋಗಿ ಕೂತುಕೊಳ್ಳಿ ಎಂದು ಅವರು ಕಳಿಸಿಕೊಟ್ಟರು.

ವ್ಯಾಪಾರಿ ಈ ಸಲ ಬೆಲ್ಲ ಒಯ್ಯಲಿಲ್ಲ. ಮನೆಗೆ ಅಂಟಿಕೊಂಡೇ ಇದ್ದ, ನಿಂತುಹೋದ ಗಿರಣಿಯಲ್ಲಿ, ಗೆಳೆಯನ ಪಕ್ಕದಲ್ಲಿ ಕೂತು, ‘ಬಂದಿದ್ದೀನಿ ಕಣೋ’ ಅಂದ. ಅಷ್ಟೇ. ಮರುದಿನ ಸಂಜೆಯೂ ಹೋಗಿ ಕೂತ. ಅದರ ಮರುದಿನವೂ ಕೂತ. ಗಿರಣಿಯವನ ಹೆಂಡತಿಗೆ ಗಾಬರಿ. ‘ಒಬ್ಬರು ಮೂಕರಾದದ್ದು ಸಾಲದು ಅಂತ ಇವರೂ ಆದರಲ್ಲ ಶಿವನೇ’ ಎಂದು ಅಡುಗೆಮನೆಯಲ್ಲಿ ಹಣೆ ಚಚ್ಚಿಕೊಂಡಳು.

ಹಾಗೆ ಎಷ್ಟೋ ಸಂಜೆ ಕಳೆದ ಮೇಲೆ ಒಂದು ದಿನ ಗಿರಣಿಯವನ ತುಟಿ ಅಲುಗಿತು. ತುಕ್ಕು ಹಿಡಿದಂಥ ದನಿಯಲ್ಲಿ, ‘ಅವತ್ತು ಏನಾಯಿತು ಗೊತ್ತಾ’ ಅಂದ. ಅಂದವನು ನಿಲ್ಲಿಸಿ ಗೆಳೆಯನ ಮುಖ ನೋಡಿದ. ಮುಂದೆ ಬರುವ ಮಾತು ಅವನಿಗೆ ಗೊತ್ತಿತ್ತು, ಅದಕ್ಕೇ ಕಾದ. ವ್ಯಾಪಾರಿಯ ನಾಲಿಗೆಯ ತುದಿಗೆ ಆ ಹಾಳು ಮಾತು ಬಂದೇ ಬಂತು. ಅವನ ಜೀವಮಾನದ ಪರೀಕ್ಷೆ ಅದು. ಅವನು ಅದನ್ನು ನುಂಗಿದ.

‘ಗೊತ್ತಿಲ್ಲ. ಹೇಳು’ ಅಂದ.

ಗಿರಣಿಯವನು ಹೇಳಿದ! ಮೊದಲು ತೊದಲಿದ, ಆಮೇಲೆ ಹೇಳಿದ, ಆಮೇಲೆ ಅಳುತ್ತಾ ಹೇಳಿದ. ತಮ್ಮ ಸತ್ತ ದಿನದಿಂದ ಎದೆಯಲ್ಲಿ ಒತ್ತಿಟ್ಟುಕೊಂಡದ್ದನ್ನೆಲ್ಲ ಹೇಳಿದ. ವ್ಯಾಪಾರಿಯ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಆದರೆ ಅವನು ಎಲ್ಲೂ ತಡೆಯಲಿಲ್ಲ. ಹೇಳಿ ಮುಗಿಸಿದ ಗಿರಣಿಯವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒಳಗೆ ತಿರುಗಿ ತನ್ನ ಹಳೆಯ ಗಂಟಲಿನಲ್ಲಿ, ‘ಏನೇ, ಅನ್ನ ಆಯ್ತಾ? ಇವನಿಗೂ ಒಂದು ತಟ್ಟೆ ಹಾಕು!’ ಎಂದು ಕೂಗಿದ. ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಒಳಗೆ ಆಕೆಯ ಕೈಯಿಂದ ಸೌಟು ಜಾರಿ ಬಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಆಕೆ ಎರಡನ್ನೂ ಮಾಡಿದಳು.

ದುಃಖ ಹೋಯಿತು ಅಂತ ನಾನು ಹೇಳುತ್ತಿಲ್ಲ, ತಾಯಿ. ಸತ್ತ ತಮ್ಮ ಬರಲಿಲ್ಲ. ಆದರೆ ಬದುಕಿದ್ದ ಅಣ್ಣ ಬಂದ. ಸ್ವಲ್ಪ ದಿನದಲ್ಲೇ ಗಿರಣಿಯ ಸದ್ದು ಮತ್ತೆ ಪೇಟೆ ತುಂಬಿತು. ಹೆಂಗಸರು ಗೋಧಿ ಡಬ್ಬಿ ಹೊತ್ತುಕೊಂಡು ಸಾಲುಗಟ್ಟಿದರು. ಕಾಲೇಜಿನಲ್ಲಿ ಪದವಿ ಕೊಡುವ ದಿನ, ನರೆತ ಮೀಸೆಯ ವ್ಯಾಪಾರಿ ಕಪ್ಪು ನಿಲುವಂಗಿ ತೊಟ್ಟು ವೇದಿಕೆ ಹತ್ತಿದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಗಿರಣಿಯವನು ಎದ್ದು ನಿಂತು, ‘ನಮ್ಮೋನು ಕಣ್ರೀ! ನಮ್ಮೋನು!’ ಎಂದು ಕೂಗಿದ. ಮೈಕಿನಲ್ಲಿ ಹೆಸರು ಓದುತ್ತಿದ್ದವರ ದನಿ ಯಾರಿಗೂ ಕೇಳಿಸಲಿಲ್ಲ. ಅವತ್ತು ನಕ್ಕಿದ್ದ ಪೇಟೆಯವರೂ ಸಭೆಯಲ್ಲಿದ್ದರು. ಅವರದೇ ಎಲ್ಲರಿಗಿಂತ ಜೋರು ಚಪ್ಪಾಳೆ.

ಮೇಷ್ಟ್ರು ಕತೆ ಮುಗಿಸಿದರು.

ನೀಲಾಂಬಿಕೆಯ ಕಣ್ಣು ಒದ್ದೆಯಾಗಿತ್ತು, ಮುಖ ಅರಳಿತ್ತು. ಸಭೆಯಲ್ಲಿ ತಾನೂ ನಿಂತು ಚಪ್ಪಾಳೆ ತಟ್ಟಿದಷ್ಟು ಖುಷಿ. ಫೇಲಾದ ಅವಮಾನ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಈ ಓದನ್ನು ತಾನು ಬಿಡುವುದಿಲ್ಲ, ಇನ್ನೊಂದು ಸಲವಲ್ಲ, ಬೇಕಾದರೆ ಎಷ್ಟು ಸಲವಾದರೂ ಆ ಪರೀಕ್ಷೆಗೆ ಕೂರುತ್ತೇನೆ ಎಂದು ಮನಸ್ಸು ಗಟ್ಟಿಯಾಯಿತು.

“ನಾಳೆ ಬರುತ್ತೇನೆ ಸರ್” ಎಂದು ಎದ್ದಳು. ಬಾಗಿಲವರೆಗೆ ಹೋದವಳಿಗೆ ತಡೆಯಲಾಗಲಿಲ್ಲ. ತಿರುಗಿ ಕೇಳಿಯೇಬಿಟ್ಟಳು. “ಸರ್, ಗಿರಣಿಯವನು ಅವತ್ತು ಸಂಜೆ ಏನು ಹೇಳಿದ?”

“ಅವನು ಹೇಳಿದ್ದು ವ್ಯಾಪಾರಿಗೆ ತಾಯಿ, ನಿನಗಲ್ಲ.”