ಹುಲ್ಲು ಮಲಗುವ ತಿಂಗಳುಗಳು

ಲೋಕ ಇನ್ನೂ ಹೊಸದಾಗಿತ್ತು ಮಗಾ, ಮಣ್ಣಿನ ಹಸಿ ಕೂಡ ಆರಿರಲಿಲ್ಲ. ಆಗ ಆಫ್ರಿಕಾದ ಬಯಲಲ್ಲಿ ಹುಲ್ಲು ವರ್ಷವಿಡೀ ಆಳೆತ್ತರ ನಿಂತಿರುತ್ತಿತ್ತು. ಒಣಗೋದು ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿರಲಿಲ್ಲ.

ಅಲ್ಲಿ ಸ್ವಾಲಾ ಅನ್ನೋ ಜಿಂಕೆ ಇದ್ದಳು. ಚೊಚ್ಚಲ ಮರಿ ಹಾಕಿದಾಗ ಅದನ್ನು ಹುಲ್ಲಿನೊಳಗೆ ಮಲಗಿಸಿ, "ಹುಲ್ಲಕ್ಕಾ, ಸ್ವಲ್ಪ ನೋಡ್ಕೋ" ಅಂದಳು. ಹುಲ್ಲು ಚೆನ್ನಾಗಿಯೇ ನೋಡಿಕೊಂಡಿತು. ಮರಿ ಬೆಳೆಯಿತು, ತಾಯಿಯ ಹಿಂದೆ ನದಿಗೆ ಹೊರಟಿತು. ಆವತ್ತು ಅದೇ ಹುಲ್ಲಿನೊಳಗಿಂದ ಸಿಂಹಿಣಿ ಹಾರಿದಳು. ಕಣ್ಣು ಮುಚ್ಚಿ ತೆಗೆಯೋದರೊಳಗೆ ಮರಿ ಇಲ್ಲ.

ಅಯ್ಯೋ, ಆ ತಾಯಿಯ ಸಂಕಟ ಯಾವ ಬಾಯಲ್ಲಿ ಹೇಳಲಿ! ಮೂರು ದಿನ ಮೇವು ಮುಟ್ಟಲಿಲ್ಲ. ನಾಲ್ಕನೇ ದಿನ ಹುಲ್ಲಿನ ಮುಂದೆ ಬಂದು ನಿಂತಳು.

"ನನ್ನ ಮಗೂನ ಬಚ್ಚಿಟ್ಟವಳೂ ನೀನೇ, ಅದನ್ನ ತಿಂದವಳನ್ನ ಬಚ್ಚಿಟ್ಟವಳೂ ನೀನೇ. ಇದ್ಯಾವ ನ್ಯಾಯ?"

ಹುಲ್ಲು ತಲೆ ತಗ್ಗಿಸಿತು. "ಬಂದವರಿಗೆ ಮರೆಯಾಗೋದೊಂದೇ ನನಗೆ ಗೊತ್ತು ತಾಯಿ. ಭೇದ ಮಾಡೋಕೆ ಬರಲ್ಲ. ಆ ಸಿಂಹಿಣಿಯ ಮರಿಗಳೂ ನನ್ನ ಮಡಿಲಲ್ಲೇ ಇದಾವೆ."

ಸ್ವಾಲಾ ಮತ್ತೆ ಗಬ್ಬವಾಗಿದ್ದಳು. "ಇದನ್ನೂ ಕಳಕೊಂಡರೆ ನಾನು ಉಳಿಯಲ್ಲ," ಅಂದಳು. "ಮರಿ ಎಳೆಯದಾಗಿರೋ ತನಕ ನಿಂತಿರು. ಆಮೇಲೆ ಮಲಕ್ಕೋ. ಎದುರಿಗೆ ಯಾರು ಬರ್ತಿದಾರೆ ಅಂತ ಅದಕ್ಕೆ ಕಾಣಲಿ. ಕಂಡರೆ ಓಡುತ್ತೆ. ಓಡೋದನ್ನ ನಾನು ಕಲಿಸ್ತೀನಿ."

ಹುಲ್ಲು ನಡುಗಿತು. "ನಾನು ಮಲಗೋದು ಅಂದ್ರೆ ಸಾಯೋದು ಕಣಮ್ಮಾ. ಮತ್ತೆ ಏಳ್ತೀನಿ ಅಂತ ಯಾರು ಕಂಡಿದಾರೆ?"

ಸಾಯಿ ಅಂತ ಯಾರಿಗಾದರೂ ಹೇಳೋದು ಸುಲಭವೇ?

"ಬೀಜ ಉದುರಿಸಿ ಮಲಗು," ಅಂದಳು ಸ್ವಾಲಾ. "ನೀರಿಗೆ ಹೋಗ್ತಾ ಬರ್ತಾ ನಮ್ಮ ಕುಲದವರೆಲ್ಲ ಅದನ್ನ ಗೊರಸಿನಿಂದ ಮಣ್ಣಿಗೆ ಒತ್ತುತ್ತೀವಿ. ಇದು ನನ್ನ ಮಾತು."

ಮೊದಲ ಮಳೆ ಬಿದ್ದ ವಾರ ಸ್ವಾಲಾ ಮರಿ ಹಾಕಿದಳು. ಹುಲ್ಲು ಅದರ ಸುತ್ತ ನಿಂತು ಕಾಪಾಡಿತು. ಮರಿಯ ಕಾಲು ಗಟ್ಟಿಯಾದ ಮೇಲೆ ಬೀಜ ಉದುರಿಸಿ, ಹಳದಿಯಾಗಿ, ಮಲಗಿಬಿಟ್ಟಿತು. ಸತ್ತೇ ಹೋಯ್ತು ಮಗಾ, ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ.

ಬಯಲೆಲ್ಲ ಬಟಾಬಯಲಾಯ್ತು. ಮಳೆ ನಿಂತು ಕೊಳಗಳು ಬತ್ತಿ, ಎಲ್ಲರೂ ಒಂದೇ ನದಿಗೆ ಬರಬೇಕಾಯ್ತು. ಸಿಂಹಿಣಿಯೂ ಬಂದಳು. ಮರಿ ಅವಳನ್ನು ದೂರದಿಂದಲೇ ಕಂಡಿತು, ಓಡಿತು, ಬದುಕಿತು. ಸಿಂಹಿಣಿಯ ಮರಿಗಳು ಆವತ್ತು ಉಪವಾಸ ಮಲಗಿದವು, ಅದೂ ನಿಜವೇ.

ಸ್ವಾಲಾ ಮಾತಿಗೆ ತಪ್ಪಲಿಲ್ಲ. ಮತ್ತೆ ಮಳೆ ಬಂದಾಗ, ಗೊರಸು ಊರಿದ ಕಡೆಯಲ್ಲೆಲ್ಲ ಹಸಿರು ಎದ್ದಿತು. ಆವತ್ತಿನಿಂದ ಹುಲ್ಲು ವರ್ಷವರ್ಷವೂ ಹೀಗೇ ಮಲಗಿ ಏಳುತ್ತೆ.

ಸಫಾರಿಗೆ ಹೋಗೋರು ಇವತ್ತಿಗೂ ಮಳೆ ಮುಗಿದು ಬಯಲು ಒಣಗಲಿ ಅಂತ ಕಾಯೋದು ಇದಕ್ಕೇ: ಆಗ ಆನೆ, ಸಿಂಹ, ಜಿಂಕೆ ಎಲ್ಲ ನದಿಯ ದಡದಲ್ಲಿ ಎದ್ದು ಕಾಣುತ್ತವೆ, ಮತ್ತು ನಿನ್ನ ಕಣ್ಣಿಗೆ ಬಿದ್ದ ಒಂದೊಂದು ಜೀವವೂ ಹುಲ್ಲು ತನ್ನ ಜೀವ ಕೊಟ್ಟು ತೋರಿಸಿದ್ದು.