ಪುನುಗೇಶಿ ಮೇಷ್ಟ್ರ ಮರಳಿನ ಈಜು

ಒಂದು ಕಾಡಿನಲ್ಲಿ ಒಂದು ಹೊಳೆ ಇತ್ತು. ಹೊಳೆಗೆ ಐದು ರೇವು. ರೇವು ಅಂದರೆ ಪ್ರಾಣಿಗಳು ನೀರು ಕುಡಿಯಲು, ಮೀಯಲು, ಆಚೆ ದಡಕ್ಕೆ ದಾಟಲು ಇಳಿಯುವ ಜಾಗ. ಐದು ರೇವಿಗೂ ಸೇರಿ ಇದ್ದದ್ದು ಒಂದೇ ಪೊಲೀಸ್ ಠಾಣೆ. ಇನ್ಸ್‌ಪೆಕ್ಟರ್ ಸಾಹೇಬರು ಒಂದು ಕಾಡುಕೋಣ. ಕಾಡುಕೋಣಕ್ಕೆ ಮೊಣಕಾಲಿನ ಕೆಳಗೆ ಬೆಳ್ಳಗಿರುತ್ತದೆ, ನೋಡಿದ್ದೀರಲ್ಲ? ಅದಕ್ಕೇ ಮಂಗಗಳು, ‘ಸಾಹೇಬ್ರು ಹುಟ್ಟುವಾಗಲೇ ಸಾಕ್ಸ್ ಹಾಕ್ಕೊಂಡು ಬಂದವರು, ಬೂಟು ಮಾತ್ರ ಇನ್ನೂ ಸ್ಯಾಂಕ್ಷನ್ ಆಗಿಲ್ಲ’ ಎಂದು ಆಡಿಕೊಳ್ಳುತ್ತಿದ್ದವು.

ಸಾಹೇಬರ ಕೈಕೆಳಗೆ ಒಬ್ಬಳೇ ದಫೇದಾರಮ್ಮ. ಹೆಸರು ತುಂಗಕ್ಕ. ಅವಳು ನೀರುನಾಯಿ. ನೀರಿನಲ್ಲಿ ಮಲಗುತ್ತಾಳೆ, ನೀರಿನಲ್ಲಿ ತಿನ್ನುತ್ತಾಳೆ, ನೀರಿನಲ್ಲೇ ಆಕಳಿಸುತ್ತಾಳೆ.

ಎರಡು ವರ್ಷದ ಹಿಂದೆ ಒಂದು ಮೊಲದ ಮರಿ ಹೊಳೆಗೆ ಇಳಿದದ್ದು ಮತ್ತೆ ಮನೆಗೆ ಬರಲಿಲ್ಲ. ಆವತ್ತಿನಿಂದ ತುಂಗಕ್ಕ ನಡುರೇವಿನಲ್ಲಿ ದಿನಾ ಸಂಜೆ ಕ್ಲಾಸು ಶುರು ಮಾಡಿದಳು. ಕಲಿಯುವವರ ಎದೆಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದಳು. ಬುರುಡೆ ತೇಲುತ್ತದೆ, ಅದರ ಜೊತೆ ಮರಿಯೂ ತೇಲುತ್ತದೆ. ಆದರೆ ಬುರುಡೆ ಮಾಡುವುದು ಸುಲಭವಲ್ಲ. ಬಲಿತ ಸೋರೆಕಾಯಿಯ ತಿರುಳು ತೆಗೆಯಬೇಕು. ತಿಂಗಳುಗಟ್ಟಲೆ ಒಣಗಿಸಬೇಕು. ಕೊನೆಗೆ ತೂತಿಗೆ ಜೇನುಮೇಣ ಮೆತ್ತಿ ಒಂದು ಹನಿ ನೀರೂ ಒಳಗೆ ಹೋಗದ ಹಾಗೆ ಮಾಡಬೇಕು.

ಕ್ಲಾಸಿನಲ್ಲಿ ಮೂರೇ ಪಾಠ. ಒಬ್ಬರೇ ಇಳಿಯಬೇಡಿ. ಬುರುಡೆ ಕಟ್ಟದೆ ಇಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ‘ಕೂಗು, ಎಸೆ, ಹಾರಬೇಡ’. ಅಂದರೆ ಜೋರಾಗಿ ಕೂಗಬೇಕು, ಬಳ್ಳಿ ಕಟ್ಟಿದ ಬುರುಡೆ ಎಸೆಯಬೇಕು, ತಾನು ಮಾತ್ರ ನೀರಿಗೆ ಹಾರಬಾರದು. ಮೂರೂ ಬಂದವರ ಕಿವಿಗೆ ಮಿಂಚುಳ್ಳಿಯ ನೀಲಿ ಗರಿ ಸಿಕ್ಕಿಸುತ್ತಿದ್ದಳು. ಗರಿ ಇದ್ದವರಿಗೆ ಮಾತ್ರ ಹೊಳೆ ದಾಟಲು ಬಿಡುತ್ತಿದ್ದರು. ಆಚೆ ದಡದಲ್ಲಿ ಏನಿತ್ತು ಗೊತ್ತೇ? ನೇರಳೆ ಮರ! ಹಣ್ಣು ಒಂದೊಂದೂ ಇಲಿಮರಿಯಷ್ಟು ದಪ್ಪ!

ನಡುರೇವಿನ ಕ್ಲಾಸಿಗೆ ಒಬ್ಬ ಅಜ್ಜಿಯೂ ಬರುತ್ತಿದ್ದಳು. ಬಂಡೆ ರೇವಿನ ಮುಳ್ಳುಹಂದಿ ದಬ್ಬಳವ್ವ. ಅವಳ ಎದೆಗೆ ಬುರುಡೆ ಕಟ್ಟಿದರೆ ‘ಟಪ್’, ಮುಳ್ಳು ಚುಚ್ಚಿ ತೂತು. ಇನ್ನೊಂದು ಕಟ್ಟಿದರೆ ‘ಟಪ್’. ಮೂರನೆಯದೂ ‘ಟಪ್’ ಅಂದ ಮೇಲೆ ತುಂಗಕ್ಕ ಕೈಮುಗಿದಳು.

“ಅಜ್ಜೀ, ನೀವು ನೀರಿಗೆ ಇಳಿಯೋದು ಬೇಡ. ದಡದಲ್ಲಿ ನಿಂತು ಎಸೆಯೋದು ಕಲೀರಿ.”

“ಆಗ್ಲಿ ಕಣವ್ವ. ನಂಗೆ ಈಜು ಬರಾಕಿಲ್ಲ ಅನ್ನೋದಾದ್ರೂ ಗೊತ್ತಾಯ್ತಲ್ಲ!” ಎಂದಳು ದಬ್ಬಳವ್ವ.

ಅವತ್ತಿನಿಂದ ಅವಳು ಬಾಯಲ್ಲಿ ಬಳ್ಳಿ ಕಚ್ಚಿ, ಗಿರಗಿರ ತಿರುಗಿ, ಒಂದು ಮರದ ಬೊಡ್ಡೆಗೆ ಗುರಿಯಿಟ್ಟು ಬುರುಡೆ ಎಸೆಯತೊಡಗಿದಳು. ಮೊದಲ ತಿಂಗಳು ಬುರುಡೆ ಬೊಡ್ಡೆಯೊಂದನ್ನು ಬಿಟ್ಟು ಎಲ್ಲರಿಗೂ ತಗುಲಿತು.

ನಡುರೇವಿನಲ್ಲಿ ಮತ್ತೆ ಒಂದು ಮರಿಯೂ ಮುಳುಗಲಿಲ್ಲ. ಸಾಹೇಬರಿಗೆ ಖುಷಿಯೋ ಖುಷಿ. ಬೇಸಿಗೆ ಮುಗಿಯುತ್ತಾ ಬಂದಾಗ ಠಾಣೆಯ ಮುಂದೆ ನಿಂತು ಗುಟುರು ಹಾಕಿದರು. “ಇನ್ಮೇಲೆ ಐದೂ ರೇವಲ್ಲಿ ಕ್ಲಾಸು! ನಾಲ್ಕು ಜನ ಹೊಸ ಮೇಷ್ಟ್ರು ಬೇಕು! ಮಳೆ ಬರೋದ್ರೊಳಗೆ ಮುಗೀಬೇಕು!”

ಕಾಡೆಲ್ಲ ಕುಣಿದಾಡಿತು. ಆಮೆ ಬಂತು, ಬಾತುಕೋಳಿ ಬಂತು, ಎಮ್ಮೆ ಬಂತು. ಮೂವರೂ ನೀರಿನವರೇ, ಕೆಲಸ ಸಿಕ್ಕಿತು. ಉಳಿದದ್ದು ಬಂಡೆ ರೇವು. ಆಗ ಘಮ್ಮೆಂದು ವಾಸನೆ ಬಂತು. ವಾಸನೆಯ ಹಿಂದೆ ಪುನುಗುಬೆಕ್ಕು ಬಂತು. ಅದರ ಹೆಸರು ಪುನುಗೇಶಿ. ಅವನಿಗೆ ನೇರಳೆ ಎಂದರೆ ಪ್ರಾಣ, ನೀರು ಎಂದರೆ ನಡುಕ. ಮೈ ನೆನೆದರೆ ಘಮ ಹೋಗುತ್ತದೆಂದು ಮಂಜು ಬಿದ್ದ ಹುಲ್ಲನ್ನೂ ಸುತ್ತು ಹಾಕಿ ಹೋಗುವ ಆಸಾಮಿ!

“ಈಜು ಬರುತ್ತೇನಯ್ಯ?” ಸಾಹೇಬರು ಕೇಳಿದರು.

“ಸಾಹೇಬ್ರೇ, ನನ್ನ ಮೈ ಒಂದ್ಸಲ ಮೂಸಿ ನೋಡಿ. ದಿನಾ ಹೊಳೇಲಿ ಮುಳುಗಿ ಏಳದೇ ಇದ್ರೆ ಈ ಘಮ ಬರುತ್ತಾ?”

ಸಾಹೇಬರು ಮೂಸಿದರು. ಕಣ್ಣು ಮುಚ್ಚಿ ತಲೆದೂಗಿದರು. “ಹೌದಲ್ಲ!”

ತುಂಗಕ್ಕ ಮೀಸೆ ಕುಣಿಸಿದಳು. “ಸಾರ್, ಒಂದ್ಸಲ ನೀರಿಗೆ ಇಳಿಸಿ ನೋಡೋಣ.”

“ಮೋಡ ಕಟ್ತಾ ಇದೆ ತುಂಗಮ್ಮ, ಟೈಮಿಲ್ಲ! ಲೇ ಪುನುಗೇಶಿ, ನೀನೇ ಬಂಡೆ ರೇವಿನ ಮೇಷ್ಟ್ರು!”

ಹೀಗೆ ನೀರು ಕಂಡರೆ ಆಗದವನು ನೀರಿನ ಮೇಷ್ಟ್ರಾದ. ನಗಬೇಡಿ, ಮುಂದಿದೆ ಮಜಾ.

ಬಂಡೆ ರೇವಿನ ಮರಿಗಳೆಲ್ಲ ಹಾರಿಕೊಂಡು ಕ್ಲಾಸಿಗೆ ಬಂದವು. ಹನ್ನೆರಡು ಮರಿ. ಅದರಲ್ಲಿ ದಬ್ಬಳವ್ವನ ಮೊಮ್ಮಗಳು ಸೂಜಿಯೂ ಒಬ್ಬಳು. ಅವಳ ಮುಳ್ಳು ಇನ್ನೂ ಮೆತ್ತಗೆ, ಬುರುಡೆಗೆ ಭಯವಿರಲಿಲ್ಲ.

ಪುನುಗೇಶಿ ಮೇಷ್ಟ್ರು ದಡದ ಮರಳಿನಲ್ಲಿ ಬಾಲದಿಂದ ಎರಡು ಗೆರೆ ಎಳೆದ. “ಇದೇ ಹೊಳೆ. ಎಲ್ರೂ ಹೊಟ್ಟೆ ಮೇಲೆ ಮಲಗಿ. ಕೈ ಬಡೀರಿ, ಕಾಲು ಬಡೀರಿ. ಹಾ, ಈಜಿ!”

ಹನ್ನೆರಡು ಮರಿಗಳೂ ಮರಳಿನಲ್ಲಿ ಧೂಳೆಬ್ಬಿಸಿ ಈಜಿದವು. ಜಿಂಕೆಮರಿ ಸೀನಿತು. ಮಂಗನ ಮರಿ ಕೇಳಿತು, “ಮೇಷ್ಟ್ರೇ, ನೀರಿಗೆ ಯಾವಾಗ?”

“ಪಾಸಾದ ಮೇಲೆ! ಪರೀಕ್ಷೆಗೆ ಮೊದಲೇ ನೀರಿಗಿಳಿದ್ರೆ ಅದು ಕಾಪಿ ಹೊಡೆದ ಹಾಗೆ.”

ಮರಿಗಳಿಗೆ ಇದು ಸರಿ ಅನ್ನಿಸಿತು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ!

ಬುರುಡೆಯ ಕಥೆ ಇನ್ನೂ ಚೆಂದ. ಒಣಗಿದ ಬುರುಡೆಗಳು ಠಾಣೆಯಿಂದಲೇ ಬಂದಿದ್ದವು, ಮೇಣ ಮೆತ್ತುವ ಕೆಲಸ ಮಾತ್ರ ಮೇಷ್ಟ್ರದು. ಜೇನುಮೇಣ ತರಲು ಹೋದರೆ ಜೇನು ಕಚ್ಚುತ್ತದೆ. ಪುನುಗೇಶಿಗೆ ಮೂಗು ಊದಿಸಿಕೊಳ್ಳಲು ಇಷ್ಟವಿರಲಿಲ್ಲ. ಹೊಳೆದಂಡೆಯ ಜೇಡಿಮಣ್ಣು ಕಲಸಿ ತೂತಿಗೆ ಮೆತ್ತಿದ, ಮೇಲೆ ಎಲೆಯಿಂದ ಉಜ್ಜಿ ಮಿರಮಿರ ಮಿಂಚಿಸಿದ. ನೋಡಲು ಥೇಟ್ ಮೇಣ! ಮೂರೇ ದಿನಕ್ಕೆ ಹನ್ನೆರಡು ಮರಿಗಳ ಕಿವಿಗೂ ನೀಲಿ ಗರಿ ಸಿಕ್ಕಿಸಿ ಗುಟ್ಟಾಗಿ ಹೇಳಿದ, “ಸಾಹೇಬ್ರ ಮುಂದೆ ಹೊಳೆ ದಾಟಿ ತೋರಿಸಿ. ವಾಪಸ್ ಬರ್ತಾ ಒಬ್ಬೊಬ್ರೂ ಬಾಯ್ತುಂಬ ನೇರಳೆ ತರಬೇಕು, ಮೇಷ್ಟ್ರಿಗೆ. ಮರೀಬೇಡಿ, ಮಾಗಿದ್ದೇ ತರಬೇಕು.”

ಸೂಜಿ ಗರಿ ಕುಣಿಸುತ್ತಾ ಮನೆಗೆ ಓಡಿದಳು. “ಅಜ್ಜೀ! ಪಾಸು! ನಾಳೆ ಸಾಹೇಬ್ರು ಬರ್ತಾರೆ! ನಾವೆಲ್ಲ ಹೊಳೆ ದಾಟ್ತೀವಿ!”

ದಬ್ಬಳವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. “ಮೂರು ದಿನಕ್ಕೇ ಪಾಸಾ? ನಂಗೆ ಮೂರು ತಿಂಗಳಾದ್ರೂ ಬೊಡ್ಡೆಗೆ ಗುರಿ ಕೂತಿರಲಿಲ್ಲ. ನೀರು ತಣ್ಣಗಿತ್ತಾ ಮಗಾ?”

“ಯಾವ ನೀರು?”

“ಹೊಳೆ ನೀರು ಕಣೇ!”

“ಹೊಳೆ ಮರಳಲ್ಲಿತ್ತಲ್ಲಜ್ಜಿ!”

ದಬ್ಬಳವ್ವನ ಮುಳ್ಳೆಲ್ಲ ಒಂದೇ ಸಲಕ್ಕೆ ನೆಟ್ಟಗಾದವು.

ಮರುದಿನ ಐದು ರೇವಿನಲ್ಲೂ ಪರೀಕ್ಷೆ. ತುಂಗಕ್ಕ ಮೇಲಿನ ರೇವುಗಳನ್ನು ನೋಡಿಕೊಂಡು ಕೊನೆಗೆ ಬರುವವಳಿದ್ದಳು. ಸಾಹೇಬರು ನೇರ ಬಂಡೆ ರೇವಿಗೇ ಬಂದರು. ಅಲ್ಲಿ ನೀರು ಆಳ, ಸೆಳೆತ ಜಾಸ್ತಿ, ಬಂಡೆ ತುಂಬ ಪಾಚಿ. ಹನ್ನೆರಡು ಮರಿಗಳು ಎದೆಗೆ ಬುರುಡೆ ಕಟ್ಟಿ, ಕಿವಿಗೆ ಗರಿ ಸಿಕ್ಕಿಸಿ ಸಾಲಾಗಿ ನಿಂತಿದ್ದವು. ಸಾಲಿನ ಮೊದಲಿಗೆ ಸೂಜಿ. ಆಚೆ ದಡದಲ್ಲಿ ನೇರಳೆ ಹಣ್ಣು ಪಟಪಟ ಉದುರುತ್ತಿತ್ತು. ಮರಿಗಳ ಬಾಯಲ್ಲಿ ನೀರು, ಮೇಷ್ಟ್ರ ಬಾಯಲ್ಲಿ ಇನ್ನೂ ಹೆಚ್ಚು ನೀರು.

“ಒಂದು, ಎರಡು…” ಸಾಹೇಬರು ಎಣಿಸಿದರು.

“ನಿಲ್ರೋ!”

ದಬ್ಬಳವ್ವ! ತನ್ನ ಹಳೆಯ ಬುರುಡೆಯನ್ನು ಬಳ್ಳಿ ಸಮೇತ ದರದರ ಎಳೆದುಕೊಂಡು ಬಂದಳು. ಸೂಜಿಯ ಎದೆಯ ಬುರುಡೆಯಲ್ಲಿ ಮೇಣ ಮೆತ್ತುವ ಜಾಗಕ್ಕೆ ಒಂದು ಮುಳ್ಳು ಚುಚ್ಚಿದಳು. ಮೇಣವಾಗಿದ್ದರೆ ಮುಳ್ಳು ಕಚ್ಚಿಕೊಂಡು ನಿಲ್ಲಬೇಕಿತ್ತು. ಇದು ಪುಡಿಪುಡಿಯಾಗಿ ಉದುರಿತು.

“ಸಾಹೇಬ್ರೇ, ಇದು ಮೇಣ ಅಲ್ಲ, ಮಣ್ಣು! ನೀರಿಗಿಳಿದ್ರೆ ಕರಗ್ತದೆ. ಬುರುಡೆ ತುಂಬ್ತದೆ. ಮಕ್ಳು ತಳ ಸೇರ್ತವೆ!”

“ಅಜ್ಜಿ, ನೀವು ನಡುರೇವಲ್ಲಿ ಫೇಲಾದೋರು. ಪಾಸು ಮಾಡ್ಸೋರ ಹತ್ರ ಮಾತಾಡ್ಬೇಡಿ!” ಪುನುಗೇಶಿ ಮೂಗು ಮುರಿದ.

ದಬ್ಬಳವ್ವ ನೇರ ಹೋಗಿ ಮರಿಗಳಿಗೂ ಹೊಳೆಗೂ ನಡುವೆ ಕುಳಿತಳು. ಮೈಮೇಲಿನ ಮುಳ್ಳನ್ನೆಲ್ಲ ನಿಮಿರಿಸಿದಳು. “ಯಾರು ದಾಟ್ತಾರೋ ದಾಟ್ರಿ ನೋಡಾಣ.”

ಸಾಹೇಬರು ಕಿವಿ ಅಲ್ಲಾಡಿಸಿ ಯೋಚಿಸಿದರು. “ಪುನುಗೇಶಿ, ಒಂದು ಬುರುಡೆ ಕಟ್ಕೊಂಡು ಮೊದ್ಲು ನೀನೇ ಇಳಿ. ಅಜ್ಜಿ ಅನುಮಾನ ಪರಿಹಾರ ಆಗ್ಲಿ.”

“ನಾನಾ? ಈಗಷ್ಟೇ ಸ್ನಾನ ಆಯ್ತು ಸಾರ್. ನೆಗಡಿ ಬೇರೆ. ಇವತ್ತು ಅಷ್ಟಮಿ, ನಮ್ಮ ಮನೇಲಿ ಅಷ್ಟಮಿ ದಿನ ಈಜೋದಿಲ್ಲ…”

“ಮೇಷ್ಟ್ರು! ಮೇಷ್ಟ್ರು! ಮೇಷ್ಟ್ರು!” ಮರಿಗಳು ಚಪ್ಪಾಳೆ ತಟ್ಟಿದವು. ಪಾಪ, ಅವಕ್ಕೆ ನಂಬಿಕೆ!

ಪುನುಗೇಶಿ ಬುರುಡೆ ಕಟ್ಟಿಕೊಂಡ. ಬಂಡೆಯ ಮೇಲೆ ನಿಂತು ಬರೀ ಉಗುರು ನೆನೆಸಿ ವಾಪಸ್ ಬರೋಣ ಎಂದು ಲೆಕ್ಕ ಹಾಕಿದ. ಒಂದು ಕಾಲು ಇಟ್ಟ. ಪಾಚಿ! ಜರ್ರ್… ದುಬುಕ್!

ಒಂದು ಕ್ಷಣ ಬುರುಡೆ ತೇಲಿತು. ಆಮೇಲೆ ಮಣ್ಣು ಕರಗಿತು. ‘ಗುಳು ಗುಳು ಗುಳು’ ಎಂದು ಬುರುಡೆ ನೀರು ಕುಡಿಯಿತು. ಮೇಷ್ಟ್ರೂ ಕುಡಿದರು.

“ಕಾಪಾಡ್ರೋ! ನಂಗೆ ಈಜು ಬರಲ್ಲ!”

ಮರಿಗಳು ಗಾಬರಿಯಾದವು. ಮೇಷ್ಟ್ರನ್ನು ಉಳಿಸಬೇಕು! ಏನು ಕಲಿತಿದ್ದವೋ ಅದನ್ನೇ ಮಾಡಿದವು. ಧಡಾರನೆ ಮರಳಿನಲ್ಲಿ ಹೊಟ್ಟೆ ಮೇಲೆ ಬಿದ್ದು ಈಜತೊಡಗಿದವು! ಅಲ್ಲಿ ಮೇಷ್ಟ್ರು ಮುಳುಗುತ್ತಿದ್ದಾರೆ, ಇಲ್ಲಿ ಹನ್ನೊಂದು ಶಿಷ್ಯರು ಧೂಳಿನಲ್ಲಿ ಕೈಕಾಲು ಬಡಿಯುತ್ತಿದ್ದಾರೆ! ಹನ್ನೆರಡನೆಯವಳು ಸೂಜಿ. ಅವಳು ನೀರಿಗೇ ಓಡಿದಳು. ದಬ್ಬಳವ್ವ ಕಾಲು ಅಡ್ಡ ಕೊಟ್ಟಳು. ಸೂಜಿ ಉರುಳಿ ಬಿದ್ದಳು.

“ಕೂಗು, ಎಸೆ, ಹಾರಬೇಡ! ಕೂಗೇ ಮಗಾ!”

“ತುಂಗಕ್ಕಾ!” ಎಂದು ಸೂಜಿ ಕಾಡು ಬಿರಿಯುವಂತೆ ಕೂಗಿದಳು.

ಅಷ್ಟರಲ್ಲಿ ಸಾಹೇಬರು ಹಾರಲು ಕಾಲೆತ್ತಿದ್ದರು.

“ನೀವೂ ಹಾರಬೇಡಿ ಸಾಹೇಬ್ರೇ! ನೀವು ಮುಳುಗಿದ್ರೆ ಇಡೀ ಕಾಡೇ ಸೇರಿದ್ರೂ ಎತ್ತೋಕಾಗಲ್ಲ!”

ದಬ್ಬಳವ್ವ ಬಳ್ಳಿ ಕಚ್ಚಿದಳು. ಗಿರಗಿರ ತಿರುಗಿದಳು. ಎಸೆದಳು! ಬುರುಡೆ ಹೋಗಿ ಸಾಹೇಬರ ಕೊಂಬಿಗೆ ನೇತುಬಿತ್ತು.

“ಅಯ್ಯೋ ಅಜ್ಜಿ, ನಾನು ದಡದಲ್ಲೇ ಇದೀನಿ!”

ಪುನುಗೇಶಿಯ ತಲೆ ಕಾಣಲಿಲ್ಲ. ಬಾಲದ ತುದಿ ಮಾತ್ರ ಕಾಣುತ್ತಿತ್ತು. ಸಾಹೇಬರು ತಲೆ ಕೊಡವಿದರು, ಬುರುಡೆ ಬಿತ್ತು. ದಬ್ಬಳವ್ವ ಮತ್ತೆ ಕಚ್ಚಿದಳು. ಕಣ್ಣು ಮುಚ್ಚಿ ಆ ಬೊಡ್ಡೆಯನ್ನು ನೆನಪಿಸಿಕೊಂಡಳು. ತಿರುಗಿದಳು. ಎಸೆದಳು!

ಠಕ್! ಆಗ ತಾನೇ ಮೇಲೆ ಬಂದ ಪುನುಗೇಶಿಯ ನೆತ್ತಿಗೇ ಬುರುಡೆ ಬಡಿಯಿತು. ಅವನು ಅದನ್ನು ತಬ್ಬಿಕೊಂಡ. ಇದರಲ್ಲಿ ಇದ್ದದ್ದು ಅಸಲಿ ಮೇಣ. ಮುಳುಗಲಿಲ್ಲ!

“ಎಳೀರೋ!”

ಸಾಹೇಬರು ಬಳ್ಳಿ ಕಚ್ಚಿ ಎಳೆದರು. ಮರಿಗಳು ಮರಳೀಜು ಬಿಟ್ಟು ಸಾಹೇಬರ ಬಾಲ ಹಿಡಿದು ಎಳೆದವು. ತುಂಗಕ್ಕ ಮೇಲಿನಿಂದ ಈಜಿ ಬರುವಷ್ಟರಲ್ಲಿ ಪುನುಗೇಶಿ ದಡದಲ್ಲಿದ್ದ. ನೆನೆದು ಹೀರೇಕಾಯಿಯ ನಾರಿನ ಹಾಗಿದ್ದ. ಘಮ ಎಲ್ಲ ಹೊಳೆ ಪಾಲು. ಸಾಹೇಬರು ಮೂಸಿ ನೋಡಿ ಮುಖ ಕಿವುಚಿದರು. “ಥೂ, ಒದ್ದೆ ಗೋಣಿಚೀಲ!”

ಪುನುಗೇಶಿ ಅಳುತ್ತಾ ಮಣ್ಣು, ಮರಳು, ನೇರಳೆ ಎಲ್ಲವನ್ನೂ ಒಪ್ಪಿಕೊಂಡ. ಕೇಳುತ್ತಾ ಕೇಳುತ್ತಾ ಸಾಹೇಬರ ತಲೆ ಬಗ್ಗಿತು. “ಅಜ್ಜಿ ಅಡ್ಡ ಕೂರದಿದ್ದರೆ ಇವತ್ತು ಹನ್ನೆರಡು ಮನೇಲಿ ಗೋಳು. ಮೂಸಿ ಮೇಷ್ಟ್ರನ್ನ ಆರಿಸಿದ್ದು ನಾನು. ತಪ್ಪು ನಂದೂ ಇದೆ,” ಎಂದರು.

ಸೂಜಿ ತಾನಾಗಿಯೇ ಕಿವಿಯ ಗರಿ ತೆಗೆದು ತುಂಗಕ್ಕನ ಕೈಗಿಟ್ಟಳು. ಉಳಿದ ಹನ್ನೊಂದು ಗರಿಯೂ ಒಂದೊಂದಾಗಿ ಬಂದವು.

“ಈಗ ಬಂಡೆ ರೇವಿಗೆ ಮೇಷ್ಟ್ರು ಯಾರು?” ಸಾಹೇಬರು ಕೇಳಿದರು.

“ದಬ್ಬಳವ್ವ,” ಎಂದಳು ತುಂಗಕ್ಕ.

“ಅವರಿಗೂ ಈಜು ಬರಲ್ಲವಲ್ಲ?”

“ಬರಲ್ಲ ಅಂತ ಅವರಿಗೆ ಗೊತ್ತು ಸಾರ್. ಅದೇ ಮೊದಲ ಪಾಠ. ದಡದ ಪಾಠ ಅಜ್ಜಿ ಹೇಳಲಿ, ನೀರಿನ ಪಾಠ ನಾನು ಹೇಳ್ತೀನಿ.”

ಮರುದಿನದಿಂದ ಕ್ಲಾಸು ನಡೆಯಿತು. ಈ ಸಲ ನೀರಿನಲ್ಲೇ! ಮೊದಲ ಸಾಲಿನಲ್ಲಿ, ಇಲಿಮರಿಯ ಪಕ್ಕದಲ್ಲಿ, ಹದಿಮೂರನೆಯ ವಿದ್ಯಾರ್ಥಿಯಾಗಿ ಪುನುಗೇಶಿ ಕುಳಿತಿದ್ದ. ಬುರುಡೆಗೆ ಜೇನುಮೇಣ ತರುವ ಕೆಲಸವೂ ಅವನದೇ. ಮೂಗು ಬದನೆಕಾಯಿಯ ಹಾಗೆ ಊದಿತ್ತು.

ತಿಂಗಳ ಮೇಲೆ ಸೂಜಿ ನಿಜವಾದ ಗರಿ ಪಡೆದಳು. ತುಂಗಕ್ಕನ ಜೊತೆ ಹೊಳೆ ದಾಟಿ, ಮರದಲ್ಲಿ ಉಳಿದಿದ್ದ ಕೊನೆಯ ನೇರಳೆ ಗೊಂಚಲಿನಲ್ಲಿ ಅರ್ಧ ತಿಂದಳು. ಈಚೆ ದಡದಲ್ಲಿ ಪುನುಗೇಶಿ ಜೊಲ್ಲು ಸುರಿಸುತ್ತಾ ನಿಂತಿದ್ದ. ಅವನಿನ್ನೂ ಪಾಸಾಗಿರಲಿಲ್ಲ.

“ಮೇಷ್ಟ್ರೇ, ಹಿಡೀರಿ!” ಸೂಜಿ ಗೊಂಚಲಿನ ತೊಟ್ಟು ಕಚ್ಚಿ, ಗಿರಗಿರ ತಿರುಗಿ ಎಸೆದಳು. ನೇರಳೆ ಹೊಳೆ ದಾಟಿ ಹಾರಿ ಬಂದು ಪುನುಗೇಶಿಯ ಊದಿದ ಮೂಗಿನ ಮೇಲೆ ಪಚಕ್ಕೆಂದು ಒಡೆಯಿತು.

“ಗುರಿ ಅಂದ್ರೆ ಇದು! ಅಜ್ಜಿ ಮೊಮ್ಮಗಳು!” ಎಂದು ದಬ್ಬಳವ್ವ ದಡದಲ್ಲಿ ಕುಣಿದಳು. ಪುನುಗೇಶಿ ನಾಲಿಗೆ ಚಾಚಿ ಮೂಗು ನೆಕ್ಕಿಕೊಂಡ. ಮತ್ತೆ ಎದೆಗೆ ಬುರುಡೆ ಬಿಗಿದು, ಕಣ್ಣು ಮುಚ್ಚಿ, ತಾನಾಗಿಯೇ ನೀರಿಗೆ ಕಾಲಿಟ್ಟ.

ನೀತಿ: ಕಲಿಯದೆ ಸಿಕ್ಕಿದ ಗರಿ ಮುಳುಗುವವರನ್ನು ಎತ್ತುವುದಿಲ್ಲ, ಬಾರದ್ದನ್ನು ಬಾರದು ಎಂದು ಒಪ್ಪಿಕೊಂಡು, ಬರುವಷ್ಟನ್ನು ಚೆನ್ನಾಗಿ ಕಲಿತವರೇ ಜೀವ ಉಳಿಸುತ್ತಾರೆ.