ಹೌದೇನ ಗುಡ್ಡ

ಬಿಳೇಕಲ್ಲೂರಿನಿಂದ ಪಡುವಣ ದಿಕ್ಕಿಗೆ ಅರ್ಧ ಹರದಾರಿ ನಡೆದರೆ ಎಡಗಡೆಗೆ ಒಂದು ಬೋಳುಗುಡ್ಡ ಸಿಗುತ್ತದೆ. ಎತ್ತರ ಹೆಚ್ಚಿಲ್ಲ, ಉಂಡ ಮೇಲೆ ಹತ್ತಿದರೂ ಏದುಸಿರು ಬರುವುದಿಲ್ಲ. ನೆತ್ತಿಯ ಮೇಲೆ ಒಂದು ಅತ್ತಿಮರ, ಅದರ ಎದುರಿಗೆ ಕೂರಲು ಅನುಕೂಲವಾದ ಎರಡು ಚಪ್ಪಟೆ ಕಲ್ಲು, ಅಷ್ಟೇ ಅದರ ಸಂಪತ್ತು. ಹೆಸರು ಹೌದೇನ ಗುಡ್ಡ. ರಸ್ತೆಯ ಫಲಕದಲ್ಲಿ ಅದನ್ನು ಬೇರೆಯಾಗಿ ಬರೆದಿದ್ದಾರೆ, ನಕ್ಷೆಯಲ್ಲಿ ಇನ್ನೂ ಬೇರೆಯಾಗಿ ಬರೆದಿದ್ದಾರೆ. ಹೊಸಬರು ಬಂದು ಇದು ಯಾವ ದೇವರ ಹೆಸರು ಎಂದು ಕೇಳುತ್ತಾರೆ. ದೇವರದ್ದಲ್ಲ ಎಂದರೆ ಯಾವ ರಾಜನದು ಎನ್ನುತ್ತಾರೆ. ರಾಜನದೂ ಅಲ್ಲ, ನಾಯಿಯೊಂದಕ್ಕೆ ಕೇಳಿದ ಪ್ರಶ್ನೆ ಎಂದರೆ ಮುದುಕ ತಮಾಷೆ ಮಾಡುತ್ತಿದ್ದಾನೆಂದು ನನ್ನ ಮುಖ ನೋಡುತ್ತಾರೆ. ಮೂವತ್ತೆರಡು ವರ್ಷ ಈ ಊರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. ನನಗೆ ತಮಾಷೆ ಮಾಡಲು ಬರುವುದಿಲ್ಲವೆಂದು ನನ್ನ ಕೈಯಲ್ಲಿ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯ ಪಾಳೆಯಗಾರನಿಗೂ ಹೊರಗಿನಿಂದ ದಂಡೆತ್ತಿ ಬಂದವನೊಬ್ಬನಿಗೂ ದೊಡ್ಡ ಯುದ್ಧ ನಡೆಯಿತಂತೆ. ಯಾವ ಪಾಳೆಯಗಾರ, ಯಾವ ಕೋಟೆ, ಬಂದವನು ಯಾರು ಎಂಬುದನ್ನು ನಾನು ಮೂವರು ಹಿರಿಯರ ಹತ್ತಿರ ಕೇಳಿದೆ, ಮೂರು ಉತ್ತರ ಸಿಕ್ಕವು. ಮೂರನೆಯವರು ಮಧ್ಯದಲ್ಲಿ ತಮ್ಮ ಉತ್ತರವನ್ನು ತಾವೇ ಬದಲಿಸಿದ್ದರಿಂದ ನಾಲ್ಕು ಎನ್ನಬೇಕು. ಆ ಕಾರಣಕ್ಕೆ ಅದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಎಲ್ಲರೂ ಒಪ್ಪುವ ಮಾತು ಇಷ್ಟು: ಮುತ್ತಿಗೆ ಎರಡು ವರ್ಷ ನಡೆಯಿತು, ಬಿಳೇಕಲ್ಲೂರಿನಿಂದ ಹೋದ ದ್ಯಾಮನಾಯಕ ಎಂಬ ಭರ್ಚಿಕಾರ ಆ ಎರಡು ವರ್ಷವೂ ಕೋಟೆಯ ತೆಂಕಣ ಕೊತ್ತಲದ ಮೇಲೆ ಕಾವಲಿದ್ದ. ಕಾವಲಿನವರಿಗೆ ಒಂದು ಕಟ್ಟಪ್ಪಣೆ ಇತ್ತು. ಕೆಳಗಿನಿಂದ ಯಾರಾದರೂ ಹತ್ತಿ ಬಂದರೆ ‘ಯಾರದು’ ಎಂದು ಮೂರು ಸಲ ಕೂಗಬೇಕು. ಹತ್ತುವವನು ಆ ದಿನದ ಗುಟ್ಟಿನ ಮಾತನ್ನು ಹೇಳಬೇಕು. ಹೇಳದಿದ್ದರೆ ಭರ್ಚಿ ಎಸೆಯಬೇಕು. ದ್ಯಾಮನ ಜೊತೆಗಾರ ಗುಡದೂರಿನ ಕೆಂಚ ಒಂದು ಸಂಜೆ ಗಾಯಾಳುಗಳಿಗೆ ನೀರು ತರಲು ಹಗ್ಗ ಹಿಡಿದು ಹೊರಗೆ ಇಳಿದ. ಮಬ್ಬುಗತ್ತಲಲ್ಲಿ ತಿರುಗಿ ಹತ್ತುವಾಗ ಎರಡು ಕೈಯೂ ಹಗ್ಗಕ್ಕೆ ಬೇಕು, ತೊಗಲಿನ ನೀರಚೀಲದ ಬಾಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ದ್ಯಾಮ ಮೂರು ಸಲ ಕೂಗಿದ. ಬಾಯಿ ಬಿಟ್ಟರೆ ನೀರು ಹೋಗುತ್ತದೆಂದು ಕೆಂಚ ಬಾಯಿ ಬಿಡಲಿಲ್ಲ. ದ್ಯಾಮ ಎಸೆದ. ಬಿದ್ದವನ ಹಲ್ಲಿನಲ್ಲಿ ಚೀಲ ಕಂಡಾಗಲೇ ಅವನು ಕೆಂಚನೆಂದು ತಿಳಿದದ್ದು. ಶತ್ರುಗಳು ಕೊಂದರೆಂದೋ ಸೆರೆ ಹಿಡಿದರೆಂದೋ ಕೋಟೆಯವರು ತಿಳಿದರು. ದ್ಯಾಮ ಯಾರಿಗೂ ಏನೂ ಹೇಳಲಿಲ್ಲ.

ಯುದ್ಧ ಮುಗಿದು ಅವನು ಊರಿಗೆ ಬಂದ. ಹೆಂಡತಿ ಬಾಳವ್ವ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಹೋಗುವಾಗ ತೊಟ್ಟಿಲಲ್ಲಿದ್ದ ಮಗಳು ತಾಯವ್ವ ಈಗ ಅಂಗಳದ ತುಂಬ ಓಡಾಡುತ್ತಿದ್ದಳು. ಆದರೆ ಬಂದವನ ಜೊತೆ ಕೆಂಚನೂ ಬಂದಿದ್ದ. ಹಗಲುಹೊತ್ತಿನಲ್ಲೇ ಬಣವೆಯ ಬದಿಗೆ, ಬಾವಿಯ ಹತ್ತಿರ, ಹಲ್ಲಿನಲ್ಲಿ ಚೀಲ ಕಚ್ಚಿಕೊಂಡು ನಿಂತಿರುತ್ತಿದ್ದ. ದ್ಯಾಮನಿಗೆ ಯಾರು ನಿಜ, ಯಾರು ಸುಳ್ಳು ಎಂಬುದು ತಿಳಿಯದೆ ಹೋಯಿತು. ನೆರೆಮನೆಯವನು ಬಂದು ಮಾತಾಡಿಸಿದರೆ ಉತ್ತರ ಕೊಡಲೋ ಬೇಡವೋ ಎಂದು ಸುಮ್ಮನೆ ಕೂರುತ್ತಿದ್ದ. ಯಾರೂ ಇಲ್ಲದ ಕಡೆಗೆ ತಿರುಗಿ ಬಯ್ಯುತ್ತಿದ್ದ. ಒಂದು ಮಧ್ಯಾಹ್ನ ತಾಯವ್ವ ಬಾಗಿಲಲ್ಲಿ ಆಡುತ್ತಿದ್ದಾಗ ಅವಳ ಬೆನ್ನ ಹಿಂದೆ ಕೆಂಚ ಹತ್ತಿ ಬರುವುದು ಕಂಡಿತು. ‘ಯಾರದು’ ಎಂದು ಮೂರು ಸಲ ಕೂಗಿ ದ್ಯಾಮ ಭರ್ಚಿ ಎಸೆದುಬಿಟ್ಟ. ಅದು ಮಗುವಿನ ತಲೆಯಿಂದ ನಾಲ್ಕು ಬೆರಳು ಆಚೆಗೆ ಚೌಕಟ್ಟಿನಲ್ಲಿ ನಟ್ಟು ನಿಂತಿತು. ಊರ ಗೌಡ ಅವನನ್ನು ಕರೆಸಿ ಕೂರಿಸಿದ. ಕೆಟ್ಟ ಮನುಷ್ಯನಲ್ಲ ಆ ಗೌಡ. “ದ್ಯಾಮಾ, ಇದ್ದದ್ದನ್ನ ಐತಿ ಅಂತ, ಇಲ್ಲದ್ದನ್ನ ಇಲ್ಲ ಅಂತ ಹೇಳೂ ದಿನ ಮನಿಗೆ ಬಾ. ಅಲ್ಲೀತನಕ ಗುಡ್ಡದ ಮ್ಯಾಲ ಇರು” ಎಂದ. ದ್ಯಾಮ ಅಂದೇ ಗುಡ್ಡ ಹತ್ತಿದ. ತನ್ನ ಮಗುವನ್ನು ತನ್ನಿಂದ ಕಾಯಬೇಕಾಗಿದೆ ಎಂಬುದೊಂದು ಮಾತ್ರ ಅವನಿಗೆ ಗೊಂದಲವಿಲ್ಲದೆ ತಿಳಿದಿತ್ತು.

ಎದುರಿಗೆ ನಿಂತವನು ನಿಜವೋ ಸುಳ್ಳೋ ಎಂದು ತಿಳಿಯಲು ನಾಯಿ ಸಾಕುವ ಯೋಚನೆ ಯಾರದು ಎಂಬುದರಲ್ಲಿ ಜಗಳವಿದೆ. ಗೌಡರ ಮನೆತನದವರು ತಮ್ಮ ಹಿರಿಯರದು ಎನ್ನುತ್ತಾರೆ. ಗೌಡ ತನ್ನ ಬೇಟೆಯವರು ಪಳಗಿಸಿದ ಎತ್ತರದ ನಾಯಿಯೊಂದನ್ನು ಗುಡ್ಡಕ್ಕೆ ಕಳಿಸಿದ್ದು ನಿಜವೇ. ಅದು ಓತಿಕ್ಯಾತ ಅಲ್ಲಾಡಿದರೂ ಎದ್ದು ನಿಲ್ಲುತ್ತಿತ್ತು, ಒಣಗಿದ ಎಲೆ ಉರುಳಿದರೂ ಹಾರಿ ಹೋಗುತ್ತಿತ್ತು. ಮೊದಲೇ ಎಲ್ಲೆಲ್ಲೂ ಮನುಷ್ಯರನ್ನು ಕಾಣುತ್ತಿದ್ದ ದ್ಯಾಮನಿಗೆ ಈ ನಾಯಿ ಸೇರಿ, ಗುಡ್ಡದ ಮೇಲೆ ಒಂದು ದಂಡೇ ಇದ್ದಂತಾಯಿತು. ನಾಲ್ಕೇ ದಿನಕ್ಕೆ ಅದನ್ನು ವಾಪಸು ಕಳಿಸಿದ. ಆಮೇಲೆ ಬಾಳವ್ವ ತಮ್ಮ ಮನೆಯ ನಾಯಿ ಈದ ಮರಿಗಳಲ್ಲಿ ತಾಯಿಯೇ ಪಕ್ಕಕ್ಕೆ ತಳ್ಳಿದ್ದ ಒಂದು ಬಡಕಲು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕಪ್ಪು ಬಿಳುಪು ಬೆರೆತ ಮೈ, ಹಂಡ ಎಂದು ಹೆಸರಿಟ್ಟರು. “ಇದಕ್ಕ ಯಾರೂ ಏನೂ ಕಲಿಸಿಲ್ಲ. ನೀನs ಕಲಿಸು” ಎಂದು ಹೇಳಿ ಇಳಿದು ಹೋದಳು.

ಕಲಿಸಬೇಕಾದದ್ದು ಒಂದೇ ಪಾಠ. ದ್ಯಾಮ ಬೆರಳು ಮಾಡಿ ತೋರಿಸಿ ‘ಹೌದೇನ?’ ಎಂದು ಕೇಳಿದರೆ, ಅಲ್ಲಿ ಯಾರಾದರೂ ಇದ್ದಲ್ಲಿ ಮರಿ ಎದ್ದು ಹೋಗಿ ಅವರ ಕಾಲು ಮೂಸಿ, ತಿರುಗಿ ಬಂದು ಅವನ ಮೊಣಕಾಲಿಗೆ ತಲೆಯಿಂದ ಹಾಯಬೇಕು. ಯಾರೂ ಇಲ್ಲದಿದ್ದರೆ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಬೇಕು. ಸರಿಯಾಗಿ ಮಾಡಿದರೆ ರೊಟ್ಟಿಯ ಚೂರು. ಕೇಳಲು ಎಷ್ಟು ಸುಲಭ! ಆದರೆ ಮರಿ ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಯಾರಿದ್ದಾರೆ, ಯಾರಿಲ್ಲ ಎಂಬುದು ಮಾಸ್ತರನಿಗೇ ಗೊತ್ತಿಲ್ಲ. ಗೊತ್ತಿರುವುದು ಶಿಷ್ಯನಿಗೆ. ಮೂವತ್ತೆರಡು ವರ್ಷ ಕಲಿಸಿದ ನನಗೂ ಇಂಥ ಪೇಚು ಬಂದಿಲ್ಲ, ಅಥವಾ ಬಂದಿದ್ದರೂ ನಾನು ಒಪ್ಪಿಕೊಂಡಿಲ್ಲ. ಮೊದಲ ಮೂರು ತಿಂಗಳು ಕೆಂಚ ಕಂಡ ಕಡೆಗೆ ಮರಿ ಎದ್ದರೆ ದ್ಯಾಮ ರೊಟ್ಟಿ ಕೊಟ್ಟ, ಬಾಳವ್ವ ಎದುರಿಗೇ ನಿಂತಿದ್ದಾಗ ಎದ್ದರೆ ಗದರಿಸಿದ. ಪಾಪ ಹಂಡ ಏಳುವುದು, ಮಲಗುವುದು, ಅರ್ಧ ಎದ್ದು ಅವನ ಮುಖ ನೋಡುವುದು, ಹೀಗೇ ಆಯಿತು. ಗುಡ್ಡದ ಮೇಲೆ ಈಗ ತಲೆ ಕೆಟ್ಟವರು ಇಬ್ಬರಿದ್ದಾರೆ ಎಂದು ಊರಿನವರು ನಕ್ಕರಂತೆ.

ಒಂದು ದಿನ ಸಿಟ್ಟು ಬಂದು ದ್ಯಾಮ ರುಮಾಲು ಬಿಚ್ಚಿ ತನ್ನ ಕಣ್ಣಿಗೆ ತಾನೇ ಕಟ್ಟಿಕೊಂಡ. ಕಣ್ಣು ಕಟ್ಟಿದೊಡನೆ ಕೆಂಚ ಹೋದ. ಅವನು ಕಣ್ಣಿಗೆ ಕಾಣುತ್ತಿದ್ದನೇ ಹೊರತು ಅವನ ಹೆಜ್ಜೆಯ ಸಪ್ಪಳ ಎಂದೂ ಕೇಳಿರಲಿಲ್ಲ! ಈ ಸಣ್ಣ ವಿಷಯ ತಿಳಿಯಲು ಇಷ್ಟು ದಿನ ಹಿಡಿಯಿತಲ್ಲ ಎಂದು ಅವನು ಅತ್ತನೆನ್ನುತ್ತಾರೆ. ಅಂದಿನಿಂದ ಪಾಠವೆಲ್ಲ ಕಣ್ಣು ಕಟ್ಟಿಕೊಂಡೇ. ಬಾಳವ್ವ ದಿನವೂ ಮಧ್ಯಾಹ್ನ ಬುತ್ತಿ ತಂದು ಒಮ್ಮೆ ಕಾಲುಂಗುರ ಕಲ್ಲಿಗೆ ತಾಗಿಸುತ್ತ ಹತ್ತಿ ಬರುವಳು, ಒಮ್ಮೆ ಕೆಳಗೇ ಅಲ್ಲಾಡದೆ ನಿಲ್ಲುವಳು. ಉಂಗುರದ ಸಪ್ಪಳ ಕೇಳಿ, ಹಂಡನೂ ಎದ್ದರೆ ರೊಟ್ಟಿ. ಸಪ್ಪಳವಿಲ್ಲದೆ, ಹಂಡನೂ ಮಲಗಿದ್ದರೆ ರೊಟ್ಟಿ. ಮಳೆಗಾಲ ಹೋಗಿ ಸುಗ್ಗಿ ಬರುವ ಹೊತ್ತಿಗೆ ಹಂಡ ತಪ್ಪುವುದನ್ನು ಬಿಟ್ಟಿತು. ಆಮೇಲೆ ದ್ಯಾಮ ಕಣ್ಣಿನ ಬಟ್ಟೆ ತೆಗೆದ. ಕೆಂಚ ಎಂದಿನಂತೆ ಅತ್ತಿಮರದ ಹತ್ತಿರ ನಿಂತಿದ್ದ. “ಹೌದೇನ?” ಎಂದ ದ್ಯಾಮ. ಹಂಡ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಭರ್ಚಿ ಹಿಡಿದಿದ್ದ ಕೈ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು. ಇನ್ನೊಂದು ವಾರ ನೋಡಿ ಕೆಳಗಿಳಿಯುತ್ತೇನೆಂದು ಅವನು ಬಾಳವ್ವನಿಗೆ ಹೇಳಿದ. ಅವಳು ತಾಯವ್ವನಿಗೆ ಹೇಳಿದಳು.

ಆ ವಾರದಲ್ಲಿಯೇ ಒಂದು ಬೆಳಗ್ಗೆ ಕೆಂಚ ಗುಡ್ಡ ಹತ್ತಿ ಬಂದ. ದ್ಯಾಮ ರೂಢಿಯಂತೆ ಬೆರಳು ಮಾಡಿ ಕೇಳಿದ. ಹಂಡ ಎದ್ದಿತು. ಇಳಿದು ಹೋಗಿ ಅವನ ಕಾಲು ಮೂಸಿತು. ತಿರುಗಿ ಬಂದು ದ್ಯಾಮನ ಮೊಣಕಾಲಿಗೆ ಹಾಯಿತು. ದ್ಯಾಮ ಮತ್ತೆ ಕೇಳಿದ, ಮತ್ತೆ ಹಾಗೆಯೇ ಆಯಿತು. ಕಲಿಸಿದ್ದೆಲ್ಲ ಕೆಟ್ಟುಹೋಯಿತೇ? ನಾಯಿಯೂ ತನ್ನಂತೆಯೇ ಆಯಿತೇ? ಹಾಗಾದರೆ ಇನ್ನು ಯಾವ ಜನ್ಮಕ್ಕೂ ಮಗಳ ಹತ್ತಿರ ಹೋಗುವಂತಿಲ್ಲ. ಭರ್ಚಿ ಮೇಲೆತ್ತಿದ ಕೈ ಮೇಲೆಯೇ ಇತ್ತು. ಹಂಡ ಮೂರನೆಯ ಸಲ ಮೊಣಕಾಲಿಗೆ ಹಾಯಿತು. ಆಗ ದ್ಯಾಮ ತನ್ನ ಕಣ್ಣನ್ನೂ ತನ್ನ ನೆನಪನ್ನೂ ಬಿಟ್ಟು ನಾಯಿಯನ್ನು ನಂಬಿದ. ಭರ್ಚಿ ಕೆಳಗೆ ಹಾಕಿ ಓಡಿಹೋಗಿ ಬಂದವನನ್ನು ತಬ್ಬಿಕೊಂಡು, “ಸತ್ತಿಲ್ಲೇನೋ ಕೆಂಚಾ! ನೀ ಸತ್ತs ಇಲ್ಲೇನೋ!” ಎಂದು ದೊಡ್ಡ ದನಿಯಲ್ಲಿ ಅಳತೊಡಗಿದ.

ಬಂದವನು ಬೆಪ್ಪಾಗಿ ನಿಂತ. ಅವನು ಕೆಂಚನ ತಮ್ಮ ಹೊನ್ನ. ಅಣ್ಣತಮ್ಮಂದಿರ ಮುಖ ಒಂದೇ ಅಚ್ಚು. “ನಾ ಅವನ ತಮ್ಮರೀ” ಎಂದ ಮೆಲ್ಲಗೆ. “ಅಣ್ಣ ಸತ್ತ ಅಂತಾರ, ಸೆರಿ ಸಿಕ್ಕ ಅಂತಾರ, ಬ್ಯಾರೆ ಕೋಟ್ಯಾಗ ಕಂಡಿದ್ದ ಅಂತಾರ. ಅವ್ವ ಇನ್ನೂ ಅವನ ಪಾಲಿನ ರೊಟ್ಟಿ ತಗದಿಡ್ತಾಳ. ನೀವು ಜೋಡಿ ಇದ್ರಂತ, ಕೇಳಾಕ ಬಂದೆ.” ಆ ಹೊತ್ತಿನಲ್ಲಿ ದ್ಯಾಮ ಒಂದು ಸುಳ್ಳು ಹೇಳಬಹುದಿತ್ತು. ಕಾಳಗದಲ್ಲಿ ಮಡಿದ ಎಂದಿದ್ದರೆ ಆಗುತ್ತಿತ್ತು, ನಾನಾಗಿದ್ದರೆ ಹಾಗೆಯೇ ಅನ್ನುತ್ತಿದ್ದೆ. ದ್ಯಾಮ ಅನ್ನಲಿಲ್ಲ. ಹಗ್ಗ, ನೀರು, ಹಲ್ಲಿನಲ್ಲಿ ಕಚ್ಚಿದ ಚೀಲ, ಮೂರು ಕೂಗು, ಎಲ್ಲವನ್ನೂ ಹೇಳಿದ. ಹೊನ್ನ ಕೆಳಗೆ ಬಿದ್ದಿದ್ದ ಭರ್ಚಿಯನ್ನು ಎತ್ತಿಕೊಂಡ. ದ್ಯಾಮ ಕದಲಲಿಲ್ಲ, ಆದರೆ ಅವನ ದೃಷ್ಟಿ ಹೊನ್ನನ ಮೇಲಿರದೆ ಪಕ್ಕದ ಚಪ್ಪಟೆ ಕಲ್ಲಿನ ಮೇಲಿತ್ತು. “ಏನು ನೋಡ್ತಿ?” ಎಂದು ಹೊನ್ನ ಗದರಿದ. “ನಿಮ್ಮಣ್ಣ. ಅಲ್ಲಿ ಕುಂತಾನ” ಎಂದ ದ್ಯಾಮ.

ಹೊನ್ನ ಗಕ್ಕನೆ ತಿರುಗಿದ. ಬರೀ ಕಲ್ಲು. ದ್ಯಾಮ ಆ ಕಡೆಗೆ ಬೆರಳು ಮಾಡಿ “ಹೌದೇನ?” ಎಂದು ಕೇಳಿದ. ಹಂಡ ಅವನ ಪಾದದ ಮೇಲೆ ಗದ್ದ ಇಟ್ಟಿತು. ಅದರ ಅರ್ಥವೇನೆಂದು ದ್ಯಾಮ ಹೇಳಿದಾಗ ಹೊನ್ನ ಒಪ್ಪಲಿಲ್ಲ. ಭರ್ಚಿ ಬಿಟ್ಟು ಮೊಣಕಾಲೂರಿ ಕುಳಿತು ತಾನೇ ಬೆರಳು ಮಾಡಿದ. “ಹೌದೇನ? ಹೌದನ್ನೋ ಮಾರಾಯಾ, ಒಮ್ಮೆ ಏಳೋ” ಎಂದು ನಾಯಿಯನ್ನು ಬೇಡಿಕೊಂಡ. ಹಂಡ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ದ್ಯಾಮನನ್ನು ಬಿಟ್ಟು ಬಂದು ಹೊನ್ನನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಇಷ್ಟು ದಿನ ಊರೂರು ತಿರುಗಿದರೂ ಸಿಗದಿದ್ದ ಉತ್ತರ ಅವನಿಗೆ ಸಿಕ್ಕಿತು. ಅವನು ಗೋಳೋ ಎಂದು ಅತ್ತ. ಬುತ್ತಿ ಹೊತ್ತು ಬಂದ ಬಾಳವ್ವ ಇಬ್ಬರು ಗಂಡಸರು ನೆಲದ ಮೇಲೆ ಕುಳಿತು ಅಳುವುದನ್ನು ಕಂಡು, ಏನಾಯಿತೆಂದು ತಿಳಿಯದೆ, ಇಬ್ಬರಿಗೂ ಊಟಕ್ಕೆ ಬಡಿಸಿದಳಂತೆ.

ಸಂಜೆ ಎಲ್ಲರೂ ಕೂಡಿ ಕೆಳಗಿಳಿದರು. “ಇನ್ನೂ ಕಾಣ್ತಾನೇನು?” ಎಂದು ಗೌಡ ಕೇಳಿದ. “ಕಾಣ್ತಾನ್ರೀ. ಆದ್ರ ಇಲ್ಲ ಅನ್ನೂದು ಗೊತ್ತೈತಿ” ಎಂದ ದ್ಯಾಮ. ಇದನ್ನು ವಾಸಿಯಾಯಿತು ಎನ್ನಬೇಕೋ ಇಲ್ಲವೆನ್ನಬೇಕೋ ಎಂದು ಗೌಡನಿಗೆ ಬಗೆಹರಿಯಲಿಲ್ಲ. ತೀರ್ಪನ್ನು ಹೊನ್ನನಿಗೇ ಬಿಟ್ಟ. “ನಮ್ಮಣ್ಣನ್ನ ಕೊಂದಾವ ಇಂವ” ಎಂದ ಹೊನ್ನ, “ಇದ್ದದ್ದನ್ನ ಇದ್ದಾಂಗ ಹೇಳಿದಾವನೂ ಇಂವ ಒಬ್ಬನs. ಮನಿಗೆ ಹೋಗ್ಲಿ ಬಿಡ್ರಿ.” ದ್ಯಾಮ ಬಾಗಿಲಿಗೆ ಬಂದಾಗ ತಾಯವ್ವ ಹೆದರಿ ಅವ್ವನ ಹಿಂದೆ ನಿಂತಳು. ಅವನು ಬೆರಳು ಮಾಡಿ ಮೆತ್ತಗೆ ಕೇಳಿದ. ಹಂಡ ಹೋಗಿ ಮಗುವಿನ ಕಾಲು ಮೂಸಿತು, ಅವಳು ಕಚಗುಳಿಗೆ ನಕ್ಕಳು. ಆಮೇಲೆ ಅವನು ಒಳಗೆ ಹೋದ. ಕೆಂಚ ಅವನಿಗೆ ಕಡೆಯವರೆಗೂ ಕಂಡನೆಂದು ಕೆಲವರು, ಅಂದೇ ನಿಂತನೆಂದು ಕೆಲವರು ಹೇಳುತ್ತಾರೆ. ನನಗೆ ಗೊತ್ತಿಲ್ಲ.

ಆ ಮೇಲೆ ದಂಡಿನಿಂದ ಬಂದವರು ಒಬ್ಬೊಬ್ಬರಾಗಿ ತಮ್ಮ ಮರಿ ಕಟ್ಟಿಕೊಂಡು ಈ ಗುಡ್ಡ ಹತ್ತಿದರು. ಬೇರೆಯವರು ಕಲಿಸಿದ ನಾಯಿಯನ್ನು ಇಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಇಂದಿಗೂ ಮಧ್ಯಾಹ್ನದ ಹೊತ್ತು ಹೋದರೆ ಸುತ್ತಲ ಹಳ್ಳಿಗಳ ಮಾಜಿ ಸೈನಿಕರು ಇಬ್ಬರೋ ಮೂವರೋ ಟವೆಲಿನಿಂದ ಕಣ್ಣು ಕಟ್ಟಿಕೊಂಡು, ಕಾಲ ಬಳಿ ಒಂದೊಂದು ನಾಯಿ ಕೂರಿಸಿಕೊಂಡು ಕುಳಿತಿರುವುದು ಕಾಣುತ್ತದೆ. ಫೋಟೋ ತೆಗೆಯಲು ಬಂದವರು ಕಣ್ಣಾಮುಚ್ಚಾಲೆ ಎಂದು ತಿಳಿದು ನಗುತ್ತಾರೆ. ಹೋದ ತಿಂಗಳು ಹವಾಲ್ದಾರ್ ಸಂಗನಬಸಪ್ಪನ ಪಾಠ ಎಂದೋ ಮುಗಿದಿದೆಯೆಂದು ಕೇಳಿ ನೋಡಲು ಹೋಗಿದ್ದೆ. ಗಡಿಯಲ್ಲಿ ಹದಿನೇಳು ವರ್ಷ ಇದ್ದು ಬಂದವರು. ಕಣ್ಣಿಗೆ ಬಟ್ಟೆ ಇರಲಿಲ್ಲ. ಖಾಲಿ ಕಲ್ಲಿನ ಕಡೆಗೆ ಬೆರಳು ಮಾಡಿ ಕೇಳಿದರು, ಅವರ ನಾಯಿ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅಲ್ಲಿ ಯಾರಿದ್ದರೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು, “ಇಲ್ಲ ಅಂತ ಗೊತ್ತೈತ್ರೀ ಮಾಸ್ತರ. ನಾಯಿ ಕಲ್ತು ಆರು ತಿಂಗಳಾತು. ಆದ್ರೂ ದಿನಾ ಒಮ್ಮೆ ಬಂದು ಕೇಳ್ತೀನಿ.” ಗೊತ್ತಿದ್ದ ಮೇಲೆ ಯಾಕೆ ಕೇಳುತ್ತೀರಿ ಎಂದೆ. ಅವರು ನಾಯಿಯ ತಲೆ ಸವರಿದರು.

“ಇದು ಒಂದ್ ದಿನ ಎದ್ದು ನಿಂತ್ರ?” ಎಂದರು.

ನಾಯಿ ಏಳಲಿಲ್ಲ. ಬಿಸಿಲು ಇಳಿದ ಮೇಲೆ ಮೂವರೂ ಕೆಳಗೆ ಬಂದೆವು.